ಒಂದು ವಯಲ್, ಇಬ್ಬರು ಮಕ್ಕಳು

ಮೆಡುಲ್ಲೋಬ್ಲಾಸ್ಟೋಮಾ ಅಂದರೆ ಮಕ್ಕಳ ಮೆದುಳಿಗೆ ಬರುವ ಕ್ಯಾನ್ಸರ್. ಅದು ಮರುಕಳಿಸಿದಾಗ ಮೆಟ್ರೋನಾಮಿಕ್, ಅಂದರೆ ಸಣ್ಣ ಡೋಸಿನ ಔಷಧಿಯನ್ನು ಬಿಡದೆ ಕೊಡುವ ಚಿಕಿತ್ಸೆ, ಕೊಡುತ್ತೇನೆ ಅಂದಾಗ ಟ್ಯೂಮರ್ ಬೋರ್ಡಿನಲ್ಲಿ (ಕ್ಯಾನ್ಸರ್ ವೈದ್ಯರ ಸಭೆ) ಯಾರೂ ಒಪ್ಪಲಿಲ್ಲ. ‘ಸ್ಟೀರಾಯ್ಡ್ ಬರೆದು ಮನೆಗೆ ಕಳಿಸಿ, ಅವರ ಹೊಲನಾದ್ರೂ ಉಳೀಲಿ’ ಅಂದರು ಹಿರಿಯರು. ನಾನು ಮೊದಲು ಹೀಗೆ ಚಿಕಿತ್ಸೆ ಕೊಟ್ಟ ಇಬ್ಬರು ಮಕ್ಕಳಿಗೆ ಏನಾಯಿತು ಅಂತ ಅವರು ನೋಡಿದ್ದರು.

ಮೊದಲನೆಯವಳಿಗೆ ವಿಯೆನ್ನಾದ ವೈದ್ಯರ ಮೆಮ್ಯಾಟ್ ಅನ್ನುವ ಔಷಧಿ ಪಟ್ಟಿಯಲ್ಲಿದ್ದ ಹಾಗೇ ಕೊಟ್ಟೆ. ದಿನಾ ಥಾಲಿಡೋಮೈಡ್, ಸೆಲೆಕಾಕ್ಸಿಬ್, ಫೆನೋಫೈಬ್ರೇಟ್. ಕೀಮೋ ಗುಳಿಗೆಯಾಗಿ 21 ದಿನ ಎಟೊಪೊಸೈಡ್, ಆಮೇಲೆ 21 ದಿನ ಸೈಕ್ಲೋಫಾಸ್ಫಮೈಡ್. ಎರಡು ವಾರಕ್ಕೊಮ್ಮೆ ಬೆವಾ, ಅಂದರೆ ಗೆಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮ್ಯಾಬ್ ಇಂಜೆಕ್ಷನ್. ಆದರೆ ತಲೆಯಿಂದ ಬೆನ್ನಿನ ತುದಿವರೆಗೆ ರೇಡಿಯೇಷನ್ ತಿಂದ ಮಜ್ಜೆ ಅದು. ಮೂರನೇ ವಾರಕ್ಕೆ ಪ್ಲೇಟ್‌ಲೆಟ್ 20 ಸಾವಿರದ ಆಸುಪಾಸು, ಜೊತೆಗೆ ಜ್ವರ. ಐಸಿಯು ಬಿಲ್ಲೇ ಲಕ್ಷ ದಾಟಿತು. ಮಗು ಉಳಿಯಲಿಲ್ಲ. ಎರಡನೆಯವನ ಮನೆಯವರು ಒಮ್ಮಾಯಾ (ಮೆದುಳಿನ ನೀರಿಗೆ ನೇರವಾಗಿ ಔಷಧಿ ಹಾಕಲು ತಲೆಯ ಚರ್ಮದಡಿ ಇಡುವ ಪುಟ್ಟ ಬಟ್ಟಲು) ಬೇಡ ಅಂದರು, ನಾನೂ ಒತ್ತಾಯ ಮಾಡಲಿಲ್ಲ. ನಾಲ್ಕು ತಿಂಗಳಿಗೆ ಆ ನೀರಿನಲ್ಲೇ (ಸಿಎಸ್‌ಎಫ್) ಕ್ಯಾನ್ಸರ್ ಕಣ ಸಿಕ್ಕಿತು. ಅವತ್ತು ಕೂರಿಸಿಕೊಂಡು ಇನ್ನೊಂದು ಸಲ ಹೇಳಬೇಕಿತ್ತು. ಅದು ಈಗಲೂ ಚುಚ್ಚುತ್ತದೆ.

ಮೂರನೆಯವನು ಹಾವೇರಿ ಕಡೆಯ ಹುಡುಗ, 20 ಕೆಜಿ. ಬೆನ್ನುಹುರಿ ಉದ್ದಕ್ಕೂ ಸಾಸಿವೆ ಎರಚಿದ ಹಾಗೆ ಗೆಡ್ಡೆ. ಈ ಸಲ ಮೊದಲು ಒಮ್ಮಾಯಾ ಹಾಕಿಸಿದೆ. ಅದರೊಳಗೆ ಎಟೊಪೊಸೈಡ್, ಸೈಟಾರಬೀನ್ ಸರದಿ ಮೇಲೆ. ಬಾಯಿಗೆ ಕೊಡುವ ಎಟೊಪೊಸೈಡನ್ನು ಕಡಿಮೆಯಿಂದ ಶುರು ಮಾಡಿ ಏರಿಸಿದೆ. ಯಾವ ರಕ್ತದ ಕೌಂಟಿಗೆ ಎಷ್ಟು ಡೋಸ್ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕೂತರೆ ಚಾರ್ಟ್ ತೋರಿಸುತ್ತೇನೆ.

‘ಸರ, ಗುಳಿಗಿ ನುಂಗಂಗಿಲ್ರಿ, ಉಗುಳ್ತಾನ’ ಅಂದಳು ತಾಯಿ. ಕ್ಯಾಪ್ಸೂಲ್ ಬಿಚ್ಚುವ ಹಾಗಿಲ್ಲ ಅಲ್ವಾ? ಇಂಜೆಕ್ಷನ್ ಎಟೊಪೊಸೈಡನ್ನೇ ಜ್ಯೂಸಿನಲ್ಲಿ ಬೆರೆಸಿ ಕುಡಿಸಿದೆವು. ಅಗ್ಗವೂ ಹೌದು, ಆದರೆ ವಿಪರೀತ ಕಹಿ. ಮೋಸಂಬಿಯಲ್ಲಿ ವಾಂತಿ ಮಾಡಿದ, ತಣ್ಣನೆಯ ಸೇಬಿನ ಜ್ಯೂಸ್ ಒಗ್ಗಿತು. ಉಳಿದ ಗುಳಿಗೆಗಳಿಗಾಗಿ ವಾರ್ಡಿನಲ್ಲಿ ಜೀರಿಗೆ ಪೆಪ್ಪರ್‌ಮಿಂಟ್ ನುಂಗಿಸಿ ಅಭ್ಯಾಸ ಮಾಡಿಸಿದೆ. ನಾಲ್ಕು ದಿನದಲ್ಲಿ ಕಲಿತ. ಈಗ ಎಲ್ಲ ಮಕ್ಕಳಿಗೂ ಅದನ್ನೇ ಮಾಡಿಸುತ್ತೇನೆ. ಅವನ ಮನೆಯಲ್ಲಿ ಚಿಕ್ಕಮ್ಮ ಬಸುರಿ ಅಂತ ಗೊತ್ತಾದಾಗ ಎದೆ ಝಲ್ಲೆಂದಿತು. ಹೊಟ್ಟೆಯ ಮಗುವಿನ ಅಂಗಗಳನ್ನೇ ಕೆಡಿಸುವ ಔಷಧಿ ಥಾಲಿಡೋಮೈಡ್. ಅದರ ಡಬ್ಬಿಯನ್ನು ಅವಳು ಮುಟ್ಟಲೇಬಾರದು ಅಂದೆ, ತಾಯಿಗೆ ಗ್ಲೌಸ್ ಕೊಟ್ಟೆ.

ದುಡ್ಡು ನುಂಗುವುದು ಬೆವಾ. ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಅವನಿಗೆ ಬೇಕಿದ್ದು 200. 100ರ ಎರಡು ವಯಲ್‌ಗಿಂತ (ಇಂಜೆಕ್ಷನ್ ಸೀಸೆ) 400ರ ಒಂದು ವಯಲ್‌ನ ಅರ್ಧ ಅಗ್ಗ ಬೀಳುತ್ತಿತ್ತು. ಅದೇ ತೂಕದ ಇನ್ನೊಬ್ಬ ಹುಡುಗಿ ಇದ್ದಳು. ಇಬ್ಬರನ್ನೂ ಒಂದೇ ಗುರುವಾರ ಕರೆಸಿ, ಫಾರ್ಮಸಿಯ ಹುಡ್‌ನಲ್ಲೇ (ಸೋಂಕು ತಗಲದಂತೆ ಔಷಧಿ ಬೆರೆಸುವ ಪೆಟ್ಟಿಗೆ) ಒಂದು ವಯಲನ್ನು ಹಂಚಿಸಿದೆ. ಪ್ರತಿ ಸಲ ಒಂದೊಂದು ಮನೆಗೆ ಮೂರು ನಾಲ್ಕು ಸಾವಿರ ಉಳಿಯಿತು. ಬಸ್ ಚಾರ್ಜಿಗೂ ಅದೇ ಆಯಿತು.

ಆರು ತಿಂಗಳ ಎಂಆರ್‌ಐನಲ್ಲಿ ಸಾಸಿವೆ ಅರ್ಧಕ್ಕರ್ಧ ಮಾಯ. ವರ್ಷಕ್ಕೆ ಹುಡುಕಿದರೂ ಕಾಣಲಿಲ್ಲ. ಗೋಡೆ ಹಿಡಿದು ಬಂದವನು ಈಗ ಶಾಲೆಗೆ ನಡೆದು ಹೋಗುತ್ತಾನೆ. ಬೇಡ ಅಂದಿದ್ದ ಹಿರಿಯರೇ ಕಳೆದ ತಿಂಗಳು ಒಂದು ಮಗುವನ್ನು ನನ್ನ ಹತ್ತಿರ ಕಳಿಸಿದರು.

ವಯಲ್ ಹಂಚಿಕೊಂಡ ಆ ಹುಡುಗಿಯ ಗೆಡ್ಡೆ ಕರಗಿಲ್ಲ, ಬೆಳೆದೂ ಇಲ್ಲ. ಬರುವ ಗುರುವಾರ ಅವಳ ಎಂಆರ್‌ಐ ಇದೆ.