ಚಿಕ್ಕಪ್ಪನ ಕಾಫಿ ಮತ್ತು 404

ಆ ಜನವರಿಯಲ್ಲಿ ಮೂಡಿಗೆರೆ ಕಡೆ ಮೂರು ದಿನ ಮಳೆ ಹಿಡಿಯಿತು. ರೋಬಸ್ಟಾ ಕೊಯ್ಲಿನ ಹೊತ್ತು. ಚಿಕ್ಕಪ್ಪನ ಹಣ್ಣೆಲ್ಲ ಕಣದಲ್ಲೇ ಇತ್ತು. ಟಾರ್ಪಾಲ್ ಮುಚ್ಚಿದ್ದರು, ಆದರೆ ಮಣ್ಣಿನ ಕಣದಲ್ಲಿ ನೀರು ಅಡಿಯಿಂದ ನುಗ್ಗಿತ್ತು. ಆಮೇಲೆ ಒಂದು ದಿನ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣಿನ, ಪೊಟ್ಟಣ ಹಿಡಿದು ಚಿಕ್ಕಮಗಳೂರಿನ ನಮ್ಮ ಲ್ಯಾಬಿಗೇ ಬಂದರು.

"ಬೂಷ್ಟು ಬಂದಂಗಿತ್ತು ಮಗಾ. ಚೆನ್ನಾಗಿ ಒಣಗಿಸಿದೀನಿ, ಈಗ ಏನೂ ಕಾಣಲ್ಲ. ನಿನ್ ಮಿಷನ್ನಲ್ಲಿ ಒಂದ್ಸಲ ನೋಡ್ತೀಯಾ?"

ಬೂಷ್ಟು ಕಾಣದಿದ್ದರೂ ಅದು ಬಿಟ್ಟ ವಿಷ ಉಳಿದಿರಬಹುದು. ಕಾಫಿಯಲ್ಲಿ ನಾವು ಹುಡುಕುವುದು ಓಕ್ರಾಟಾಕ್ಸಿನ್ ಎ. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಇದನ್ನು ಹುಟ್ಟಿಸುತ್ತವೆ. ಕಿಡ್ನಿಗೆ ಕೆಟ್ಟದ್ದು. ಹುರಿದರೆ ಒಂದಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಯುರೋಪಿನಲ್ಲಿ ಹುರಿದ ಕಾಫಿಗೆ ಕೆಜಿಗೆ 5 ಮೈಕ್ರೋಗ್ರಾಂ ಮಿತಿ ಇತ್ತು, 2023ರಿಂದ ಅದು 3. 50 ಕೆಜಿ ಮೂಟೆಗೆ ಲೆಕ್ಕ ಹಾಕಿದರೆ 0.15 ಮಿಲಿಗ್ರಾಂ. ಇಡೀ ಮೂಟೆಯಲ್ಲಿ ಪುಡಿ ಉಪ್ಪಿನ ಎರಡು ಮೂರು ಹರಳಿನಷ್ಟು!

ಇಷ್ಟು ಕಡಿಮೆ ಇರುವುದನ್ನು ಹಿಡಿಯಲು ಎರಡು ಹಂತ ಬೇಕು. ಕಾಫಿಯಿಂದ ತೆಗೆದ ದ್ರಾವಣ ಮೊದಲು ಕಾಲಂ ಅನ್ನುವ ಸಣ್ಣ ಕೊಳವೆಯೊಳಗೆ ಹೋಗುತ್ತದೆ. ಅಲ್ಲಿ ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಇದು ಕ್ರೊಮಾಟೋಗ್ರಫಿ. ಹೊರಬಂದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಅಯಾನು, ಅಂದರೆ ವಿದ್ಯುದಾವೇಶ ಇರುವ ಕಣ, ಮಾಡಿ ತೂಗುತ್ತದೆ. ಓಕ್ರಾಟಾಕ್ಸಿನ್ನಿನ ಅಯಾನು ಆ ತೂಕದ ಅಳತೆಯಲ್ಲಿ 404ರಲ್ಲಿ ಕಾಣುತ್ತದೆ. ಅದನ್ನು ಮಾತ್ರ ಒಳಗೆ ಬಿಟ್ಟು, ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆಯುತ್ತೇವೆ. ಆಗ 239ರ ತುಂಡು ಸಿಗುತ್ತದೆ. ನಡುವಿನ 165 ಏನು ಗೊತ್ತಾ? ಫಿನೈಲ್‌ಅಲನಿನ್, ನಮ್ಮ ಊಟದ ಪ್ರೋಟೀನಿನಲ್ಲೂ ಇರುವ ಅಮೈನೋ ಆಮ್ಲ. ಈ ವಿಷದ ಒಂದು ಭಾಗ ಅದೇ. 358ರ ಇನ್ನೊಂದು ತುಂಡೂ ಅದೇ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಬಂದರೆ ಗುರುತು ಗಟ್ಟಿ. ಎಷ್ಟು ವರ್ಷವಾದರೂ ಪರದೆಯ ಮೇಲೆ ಆ ಎರಡು ಗೆರೆ ಜೊತೆಗೇ ಏಳುವುದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ಆದರೆ ಆ ಸಲ ನಾನು ಅವಸರ ಮಾಡಿದೆ. ಸಿಪ್ಪೆ ಬಿಡಿಸಿ, ಬೇಳೆ ಪುಡಿ ಮಾಡಿ, ದ್ರಾವಣ ತೆಗೆದು, ಸುಮ್ನೆ ತೆಳು ಮಾಡಿ ಮಿಷನ್ನಿಗೆ ಕೊಟ್ಟೆ. ಬರಿಯ ದ್ರಾವಕದಲ್ಲಿ ಗೊತ್ತಿರುವಷ್ಟು ವಿಷ ಹಾಕಿ ಮಾಡಿದ ಸ್ಟ್ಯಾಂಡರ್ಡ್‌ಗೆ ಹೋಲಿಸಿದೆ. ಕೆಜಿಗೆ 1.1 ಮೈಕ್ರೋಗ್ರಾಂ ಬಂತು. "ಪರವಾಗಿಲ್ಲ ಚಿಕ್ಕಪ್ಪ" ಅಂತ ಫೋನಿನಲ್ಲಿ ಹೇಳಿಯೂ ಬಿಟ್ಟೆ.

ರಾತ್ರಿ ಮನಸ್ಸು ತಡೆಯಲಿಲ್ಲ. ಮರುದಿನ ಒಳ್ಳೆಯ ಕಾಫಿಗೆ ಗೊತ್ತಿರುವಷ್ಟು ವಿಷವನ್ನು ನಾನೇ ಬೆರೆಸಿ ಅಳೆದೆ. ಹಾಕಿದ್ದರಲ್ಲಿ ಶೇ. 40 ಮಾತ್ರ ಸಿಕ್ಕಿತು. ಎದೆ ಧಸಕ್ಕೆಂದಿತು. ಕಾಫಿಯಲ್ಲಿ ಕೆಫೀನು, ಎಣ್ಣೆ, ಬಣ್ಣ ಎಲ್ಲ ಇರುತ್ತವೆ. ನಮ್ಮ ವಸ್ತುವಿನ ಜೊತೆಗೇ ಹೊರಬಂದವು ಅದಕ್ಕೆ ಅಯಾನು ಆಗಲು ಬಿಡುವುದಿಲ್ಲ. ಇದ್ದದ್ದು ಕಡಿಮೆ ಕಾಣುತ್ತದೆ. ಮಿಷನ್ನಿನ ತಪ್ಪಲ್ಲ, ನನ್ನದು.

ಎರಡನೇ ಸಲ ಸರಿಯಾಗಿ ಮಾಡಿದೆ. ಮೆಥನಾಲ್ ಮತ್ತು ಸೋಡಿಯಂ ಬೈಕಾರ್ಬನೇಟ್ ನೀರಿನಲ್ಲಿ ಕಲಕುವ ಮೊದಲೇ ಪುಡಿಗೆ ಗೊತ್ತಿರುವಷ್ಟು ಇಂಟರ್ನಲ್ ಸ್ಟ್ಯಾಂಡರ್ಡ್ ಸೇರಿಸಿದೆ. ಅದೂ ಓಕ್ರಾಟಾಕ್ಸಿನ್ನೇ, ಆದರೆ 20 ಇಂಗಾಲಗಳೂ ಭಾರದ ಇಂಗಾಲ-13. ಹಾಗಾಗಿ 424ರಲ್ಲಿ ಬೇರೆಯಾಗಿ ಕಾಣುತ್ತದೆ, ಒಡೆದರೆ 250. ತೊಳೆಯುವಾಗ ಈ ಸ್ಟ್ಯಾಂಡರ್ಡ್ ಎಷ್ಟು ಹೋದರೆ ಕಾಫಿಯಲ್ಲಿದ್ದ ವಿಷವೂ ಅಷ್ಟೇ ಹೋಗುತ್ತದೆ, ಇದು ಎಷ್ಟು ತಗ್ಗಿದರೆ ಅದೂ ಅಷ್ಟೇ ತಗ್ಗುತ್ತದೆ. ಎರಡರ ಅನುಪಾತ ಮಾತ್ರ ಕದಲುವುದಿಲ್ಲ. ಆಮೇಲೆ ದ್ರಾವಣವನ್ನು ಇಮ್ಯುನೋಅಫಿನಿಟಿ ಕಾಲಂನಲ್ಲಿ ಹಾಯಿಸಿದೆ. ಅದರೊಳಗಿನ ಆಂಟಿಬಾಡಿ ಓಕ್ರಾಟಾಕ್ಸಿನ್ನನ್ನು ಹಿಡಿದುಕೊಂಡು ಉಳಿದ ಕೊಳೆಯನ್ನೆಲ್ಲ ಹರಿದುಹೋಗಲು ಬಿಡುತ್ತದೆ. ಬೆಲೆ ಜಾಸ್ತಿ, ಆದರೆ ಕಾಫಿಗೆ ಅದು ಬೇಕೇ ಬೇಕು ಅನ್ನುವವಳು ನಾನು. ಈ ಸಲ 2.7.

ಫೋನ್ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ ಕೇಳಿದೆ: "ಪೊಟ್ಟಣ ಎಲ್ಲಿಂದ ತುಂಬಿದ್ರಿ?"

"ರಾಶಿ ಮೇಲಿಂದ. ಚೆನ್ನಾಗಿರೋದ್ನೇ ಆರಿಸಿದ್ದೆ."

ಬೂಷ್ಟು ರಾಶಿಗೆಲ್ಲ ಒಂದೇ ಸಮ ಹತ್ತುವುದಿಲ್ಲ. ಅಡಿಯಲ್ಲಿ ಒದ್ದೆಯಾದ ಒಂದು ಹಿಡಿ ಹಣ್ಣು ಇಡೀ ಮೂಟೆಯ ಲೆಕ್ಕ ಕೆಡಿಸಬಲ್ಲದು. ಭಾನುವಾರ ನಾನೇ ತೋಟಕ್ಕೆ ಹೋದೆ. ಮೂಟೆಗಳ ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ಸ್ವಲ್ಪ ಸ್ವಲ್ಪ ತೆಗೆದೆವು. ಮಣ್ಣಿನ ಕಣದ್ದು ಬೇರೆ, ಸಿಮೆಂಟ್ ಕಣದ್ದು ಬೇರೆ. ಒಂದೊಂದರಿಂದ 10 ಕೆಜಿ. ಸಿಪ್ಪೆ ಬಿಡಿಸಿ, ಬೇಳೆಯನ್ನೆಲ್ಲ ಪುಡಿ ಮಾಡಿ, ಚೆನ್ನಾಗಿ ಬೆರೆಸಿ, ಅದರಿಂದ ಅಳತೆಗೆ ತೆಗೆದುಕೊಂಡೆ. ಇಡೀ ಕೆಲಸದಲ್ಲಿ ಬೆವರು ಸುರಿದದ್ದು ಇಲ್ಲೇ.

ಸಿಮೆಂಟ್ ಕಣದ್ದು 1ಕ್ಕಿಂತ ಕಡಿಮೆ. ಮಣ್ಣಿನ ಕಣದ್ದು 6.8.

ಮಿತಿ ಇರುವುದು ಹುರಿದ ಕಾಫಿಗೆ, ನಿಜ. ಆದರೆ ಎರಡನ್ನೂ ಬೆರೆಸಿದ್ದರೆ ಒಳ್ಳೆಯ ಮೂಟೆಗಳೂ ಕೆಡುತ್ತಿದ್ದವು, ಅಲ್ವಾ? ಚಿಕ್ಕಪ್ಪ ಮಣ್ಣಿನ ಕಣದ ಮೂಟೆಗಳಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟರು. ಸಿಪ್ಪೆಯಲ್ಲಿ ವಿಷ ಇನ್ನೂ ಜಾಸ್ತಿ ಇರುತ್ತದೆ, ಹೊಟ್ಟಿನ ಚೂರು ಬೇಳೆಯಲ್ಲಿ ಉಳಿಯಬಾರದು ಅಂತಲೂ ಹೇಳಿಬಂದೆ.

ಮುಂದಿನ ಕೊಯ್ಲಿಗೆ ಮೊದಲೇ ಆ ಕಣಕ್ಕೂ ಸಿಮೆಂಟ್ ಬಿತ್ತು. ರೋಬಸ್ಟಾ ಚೆರಿಯ ತೇವ ಶೇ. 11ಕ್ಕೆ ಇಳಿಯುವ ತನಕ ಮೂಟೆ ಕಟ್ಟುವುದಿಲ್ಲ. ಈಗ ಚಿಕ್ಕಪ್ಪ ಪೊಟ್ಟಣ ತರುವುದಿಲ್ಲ. ಜೀಪಿನಲ್ಲಿ ಅರ್ಧ ಮೂಟೆ ಬರುತ್ತದೆ, ಯಾವ ಕಣ, ಯಾವ ದಿನ ಒಣಗಿದ್ದು ಅಂತ ಚೀಟಿ ಸಮೇತ.