ಹತ್ತು ರೂಪಾಯಿ ಕ್ರಿಸ್ಟಲ್ ಅಮೋನಿಯಾ ಹಿಡಿದ ಕತೆ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಮಷೀನ್ ರೂಮಿನಲ್ಲಿ ಅಮೋನಿಯಾ ಸೋರಿದರೆ ಕೂಗಲಿ ಅಂತ ನಾನು ಮಾಡಿದ ಡಬ್ಬಿ ಕೂತು ಎಂಟು ತಿಂಗಳಾಯಿತು. ಅಲ್ಲಿ ತಂಪು ಮಾಡೋದು ಅಮೋನಿಯಾ ಗ್ಯಾಸೇ. ಮೊನ್ನೆ ವಾಲ್ವ್ ಸಣ್ಣಗೆ ಸೋರಿದಾಗ ಆಪರೇಟರ್ ಮೂಗಿಗಿಂತ ಮೊದಲು ಅದೇ ಕೂಗಿತು. "ರೇಡಿಯೋ ಕ್ರಿಸ್ಟಲ್ ಹಿಡ್ಕೊಂಡು ಗ್ಯಾಸ್ ಹುಡುಕ್ತೀರೇನ್ರಿ ಸರ?" ಅಂತ ನಕ್ಕವನೂ ಅವನೇ.

ಅಲ್ಲಿ ಮೊದಲಿದ್ದ ಎಲೆಕ್ಟ್ರೋಕೆಮಿಕಲ್ ಸೆಲ್ (ಗ್ಯಾಸ್ ತಾಗಿದರೆ ಕರೆಂಟ್ ಕೊಡುವ ಸೆನ್ಸರ್) ಎರಡೇ ವರ್ಷಕ್ಕೆ ಸತ್ತಿತ್ತು. ಹೊಸದರ ರೇಟು ಕೇಳಿ ಮಾಲೀಕರು ಸುಮ್ಮನಾದರು. ನಾನು ಹುಬ್ಬಳ್ಳಿಯಲ್ಲಿ 10 ಮೆಗಾಹರ್ಟ್ಸ್ ಕ್ರಿಸ್ಟಲ್ (ಲೋಹದ ಟೋಪಿಯೊಳಗೆ ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುವ ಕ್ವಾರ್ಟ್ಜ್ ಬಿಲ್ಲೆ) ಐವತ್ತು ತಂದೆ, ಒಂದಕ್ಕೆ ಹತ್ತು ರೂಪಾಯಿ ಆಸುಪಾಸು. ಬಿಲ್ಲೆಯ ಮೇಲೆ ಏನಾದರೂ ಕೂತು ಭಾರವಾದರೆ ಕಂಪನ ನಿಧಾನವಾಗುತ್ತದೆ. ಜರ್ಮನ್ ಭೌತವಿಜ್ಞಾನಿ ಸೌಅರ್‌ಬ್ರೈ 1959ರಲ್ಲೇ ಕೊಟ್ಟ ಲೆಕ್ಕದಂತೆ ಈ ಕ್ರಿಸ್ಟಲ್ಲಿನ ಮೇಲೆ ಚದರ ಸೆಂಟಿಮೀಟರಿಗೆ 4.4 ನ್ಯಾನೋಗ್ರಾಂ ಕೂತರೆ ಒಂದು ಹರ್ಟ್ಸ್ ಇಳಿಕೆ. ಕಷ್ಟ ಇರುವುದು ಟೋಪಿ ತೆಗೆಯೋದರಲ್ಲಿ. ಅರ ಹಾಕಿದರೆ ಪುಡಿ ಒಳಗೆ ಹೋಗಿ ಬಿಲ್ಲೆಯ ಮೇಲಿನ ಲೋಹದ ಪದರವನ್ನು ಗೀರಿತು. ಇಕ್ಕಳದಲ್ಲಿ ಹಿಂಡಿದರೆ ಬಿಲ್ಲೆಯೇ ಒಡೆಯಿತು, ಅದರ ದಪ್ಪ 0.17 ಮಿಲಿಮೀಟರ್ ಅಷ್ಟೇ. ಹದಿನೈದೋ ಹದಿನಾರೋ ಹಾಳಾದ ಮೇಲೆ ಬುಡದ ಅಂಚನ್ನು ಕಟರಿನಿಂದ ಸುತ್ತಲೂ ಕಚ್ಚೋದು ಕಲಿತೆ.

ಬಿಲ್ಲೆ ಅಮೋನಿಯಾ ಹಿಡಿಯಬೇಕಾದರೆ ಅದಕ್ಕೊಂದು ಲೇಪ ಬೇಕು. ಅದಕ್ಕೆ ಪಾಲಿಅಕ್ರಿಲಿಕ್ ಆಸಿಡ್, ಅದರ ಹುಳಿ ಅಮೋನಿಯಾ ಹಿಡಿದು ಭಾರವಾಗುತ್ತದೆ. ಬೇಕಿದ್ದದ್ದು ಎರಡು ಹನಿ, ಕೊಳ್ಳಬೇಕಾದದ್ದು ಇಡೀ ಬಾಟಲಿ, ಮೂರು ಸಾವಿರದ ಮೇಲೆ ಹೋಯಿತು. ಆಸೆಗೆ ಬಿದ್ದು ದಪ್ಪಗೆ ಬಳಿದೆ, ಆಸಿಲೇಟರ್ (ಬಿಲ್ಲೆ ಕಂಪಿಸುವಂತೆ ಮಾಡುವ ಸರ್ಕ್ಯೂಟ್) ಏಳಲೇ ಇಲ್ಲ. ಬಳಿದ ಮೇಲೆ ಮೂರ್ನಾಲ್ಕು ಕಿಲೋಹರ್ಟ್ಸ್ ಇಳಿದರೆ ಸಾಕು, ಜಾಸ್ತಿ ಬೇಡ.

ನಡುವೆ ಇದೇ ಕ್ರಿಸ್ಟಲ್ಲಿನಿಂದ ಹಾಲಿಗೆ ನೀರು ಬೆರೆಸಿದ್ದು ಗೊತ್ತಾಗುತ್ತಾ ಅಂತಲೂ ನೋಡಿದೆ. ಒಂದು ಮುಖಕ್ಕೆ ನೀರು ತಾಗಿದರೆ ಎರಡು ಕಿಲೋಹರ್ಟ್ಸ್ ಹತ್ತಿರ ಇಳಿಯುತ್ತದೆ, ಹಾಲಿಗೆ ಇನ್ನೂ ಜಾಸ್ತಿ. ಎರಡನೇ ಸಲಕ್ಕೇ ಕೊಬ್ಬು ಅಂಟಿಕೊಂಡು ಎಲ್ಲಾ ಗೊಂದಲ. ಉಳಿದ ಹಾಲಿನಲ್ಲಿ ಚಹಾ ಮಾಡಿಕೊಂಡು ಕುಡಿದೆ.

ನಿಜವಾಗಿ ಸೋಲಿಸಿದ್ದು ಮಳೆ. ಹೋಲಿಕೆಗೆ ಅಂತ ಲೇಪವಿಲ್ಲದ ಕ್ರಿಸ್ಟಲ್ ಪಕ್ಕದಲ್ಲಿಟ್ಟು ವ್ಯತ್ಯಾಸ ಎಣಿಸುತ್ತಿದ್ದೆ. ಸೆಕೆಯ ಏರಿಳಿತ ಎರಡಕ್ಕೂ ಒಂದೇ ಆದ್ದರಿಂದ ಅದರಲ್ಲಿ ಕಳೆದುಹೋಗುತ್ತಿತ್ತು. ಆದರೆ ಜೂನ್ ಬಂತು, ಲೇಪ ತೇವ ಕುಡಿಯಿತು, ಅಲಾರಂ ರಾತ್ರಿಯಿಡೀ ಕೂಗಿತು. ಮಾಲೀಕರು ಬೆಳಿಗ್ಗೆ ಐದಕ್ಕೇ ಫೋನ್ ಮಾಡಿ "ಇದನ್ನ ಮೊದಲ ಬಿಚ್ಚಿಕೊಂಡ ಹೋಗ್ರಿ" ಅಂದರು. ಬಿಚ್ಚಿದೆ. ಎರಡು ತಿಂಗಳು ಮುಟ್ಟಲಿಲ್ಲ.

ಆಮೇಲೆ ಹೊಳೆಯಿತು: ಪಕ್ಕದ್ದಕ್ಕೂ ಅದೇ ಲೇಪ ಬಳಿಯಬೇಕು, ಆದರೆ ಕಾಸ್ಟಿಕ್ ಸೋಡಾ ಹಾಕಿ ಹುಳಿ ಮುರಿದದ್ದನ್ನು. ಅದೂ ತೇವ ಕುಡಿಯುತ್ತದೆ, ಅಮೋನಿಯಾ ಮಾತ್ರ ಹಿಡಿಯೋದಿಲ್ಲ. ಹುಳಿ ಮುರಿದದ್ದು ತೇವವನ್ನು ಜಾಸ್ತಿ ಕುಡಿಯೋದರಿಂದ ತೆಳ್ಳಗೆ ಬಳಿಯಬೇಕು. ಎಷ್ಟು ತೆಳ್ಳಗೆ ಅನ್ನೋದು ನನ್ನ ಹತ್ತಿರವೇ ಇರಲಿ! ಎರವಲು ತಂದ ಮೀಟರ್ ಪಕ್ಕ ಇಟ್ಟು ನೋಡಿದಾಗ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ಅಮೋನಿಯಾಕ್ಕೆ ನಲವತ್ತು ಹರ್ಟ್ಸ್ ಸುಮಾರು ಬಂತು. ಗ್ಯಾಸ್ ಹೋದ ಮೇಲೆ ಮೊದಲಿನ ಅಂಕಿಗೆ ಬರೋಕೆ ಅರ್ಧ ಗಂಟೆ ಬೇಕು, ಅದಿನ್ನೂ ಸರಿಯಾಗಿಲ್ಲ.

ಒಟ್ಟು ಖರ್ಚು ಹದಿನಾಲ್ಕು ಸಾವಿರ ಇರಬಹುದು, ಹಾಳಾದದ್ದೂ ಸೇರಿ. ಮಾಲೀಕರು ಈಗ ಇನ್ನೆರಡು ಬೇಕು ಅಂತಿದ್ದಾರೆ. ಮೊದಲನೆಯದರ ಬಾಕಿ ಎರಡು ಸಾವಿರ ಇನ್ನೂ ಬಂದಿಲ್ಲ.