ಅಣ್ಣ ಸುಳ್ಳು ಹೇಳುವುದಿಲ್ಲ

ನನ್ನ ನೀಳ್ಗತೆಯ ನಿರೂಪಕ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಹಿಸೆಯಾಗುವಾಗ ಕೆರೆ ಇರುವ ತೋಟವನ್ನು ತಾನು ಇಟ್ಟುಕೊಂಡು, ತಮ್ಮನಿಗೆ ಒಣ ಗುಡ್ಡ ದಾಟಿಸಿದವನು. ಅವನ ಲೆಕ್ಕದಲ್ಲಿ ಮಾತ್ರ ಆ ಮನೆಗಾಗಿ ತ್ಯಾಗ ಮಾಡಿದವನು ಅವನೊಬ್ಬನೇ. ಕತೆ ಪೂರ್ತಿ ಅವನ ಬಾಯಿಂದಲೇ ಬರಬೇಕಿತ್ತು.

ನಾನು ಹಾಕಿಕೊಂಡ ಕಟ್ಟುಪಾಡು ಒಂದೇ: ಅವನು ಎಲ್ಲಿಯೂ ಬೇಕೆಂದು ಸುಳ್ಳು ಹೇಳಬಾರದು. ಸುಳ್ಳುಗಾರನನ್ನು ಓದುಗರು ಬೇಗ ಹಿಡಿಯುತ್ತಾರೆ, ಆಮೇಲೆ ಕತೆ ಪತ್ತೇದಾರಿಯಾಗುತ್ತದೆ. ತನ್ನನ್ನು ತಾನು ಪೂರಾ ನಂಬಿದವನ ಜೊತೆ ನಾವೂ ತಲೆಯಾಡಿಸಿಕೊಂಡು ಬಹುದೂರ ಹೋಗಿಬಿಡುತ್ತೇವೆ.

ಬರೆಯಲು ಕೂರುವ ಮೊದಲು ನಡೆದದ್ದನ್ನೆಲ್ಲ ಬೇರೆ ಪುಸ್ತಕದಲ್ಲಿ ಪಂಚನಾಮೆಯಂತೆ ದಾಖಲಿಸಿದೆ. ಯಾರಿಗೆ ಎಷ್ಟು ಜಮೀನು, ಪಾಲುಪಟ್ಟಿಗೆ ರುಜು ಬೀಳುವಾಗ ಜಗಲಿಯಲ್ಲಿ ಯಾರಿದ್ದರು, ಇಷ್ಟೇ. ಅದನ್ನು ಎದುರಿಗಿಟ್ಟುಕೊಂಡು ಅಣ್ಣನ ಮಾತು ಬರೆದೆ. ಘಟನೆ ಬದಲಾಗುವಂತಿಲ್ಲ, ಅದಕ್ಕೆ ಕೊಡುವ ಕಾರಣ ಅವನಿಗೆ ಬಿಟ್ಟದ್ದು.

ರುಜುವಿನ ದಿನ ಅವನು ಹೇಳುತ್ತಾನೆ: “ತಮ್ಮ ಸಂತೋಷದಿಂದಲೇ ರುಜು ಹಾಕಿದ. ಕಾಫಿ ಮುಟ್ಟಲಿಲ್ಲ, ಅವನಿಗೆ ಕಾಫಿ ಮೊದಲಿನಿಂದಲೂ ಅಷ್ಟಕ್ಕಷ್ಟೆ.” ಎಷ್ಟೋ ಪುಟ ಹಿಂದೆ ಇದೇ ಅಣ್ಣ, ಲೋಟದ ತಳದ ಕಾಫಿಯನ್ನು ಬೆರಳು ಹಾಕಿ ನೆಕ್ಕುತ್ತಿದ್ದ ತಮ್ಮನನ್ನು ನಗುತ್ತ ನೆನೆದಿರುತ್ತಾನೆ. ಎರಡನ್ನೂ ಜೋಡಿಸುವುದು ಓದುವವರ ಕೆಲಸ. ಹಸ್ತಪ್ರತಿ ನೋಡಿದ ಗೆಳೆಯರು “ಇಲ್ಲೊಂದು ಸುಳಿವು ಕೊಡಿ” ಎಂದರು. ಕೊಡಲಿಲ್ಲ.

ಸತಾಯಿಸಿದ್ದು ಕೊನೆಯ ಭಾಗ. ಕೆರೆಯ ನೀರಿನಲ್ಲಿ ನಿನಗೂ ಪಾಲಿದೆ ಎಂದು ಹಿಂದೊಮ್ಮೆ ಹಾಸ್ಟೆಲಿನಲ್ಲಿದ್ದ ತಮ್ಮನಿಗೆ ತಾನೇ ಬರೆದಿದ್ದ ಪತ್ರ ಅಣ್ಣನ ಕೈಗೆ ಬರುತ್ತದೆ. ಅವನು ಕುಸಿಯಬೇಕೇ? ದಾರಿ ತೋರಿದ್ದು ಮನಶ್ಶಾಸ್ತ್ರದ ಒಂದು ಅಧ್ಯಯನ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿದ ಮರುದಿನ ಅಮೆರಿಕದ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್, ಆ ಸುದ್ದಿ ಹೇಗೆ ತಿಳಿಯಿತೆಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಎರಡೂವರೆ ವರ್ಷದ ಮೇಲೆ ಮತ್ತೆ ಕೇಳಿದಾಗ ಅನೇಕರ ಉತ್ತರ ಬೇರೆಯೇ ಆಗಿತ್ತು, ತಮ್ಮ ನೆನಪೇ ಸರಿಯೆಂಬ ಧೈರ್ಯಕ್ಕೆ ಮಾತ್ರ ಕೊರತೆಯಿರಲಿಲ್ಲ. ತಮ್ಮದೇ ಕೈಬರಹ ತೋರಿಸಿದರೂ ಮೊದಲಿನ ನೆನಪು ಮರಳಲಿಲ್ಲ.

ಹಾಗಾಗಿ ನನ್ನ ಅಣ್ಣನೂ ಕುಸಿಯುವುದಿಲ್ಲ. ಕನ್ನಡಕ ಸರಿಮಾಡಿಕೊಂಡು ಓದುತ್ತಾನೆ. “ಅಕ್ಷರ ನನ್ನದೇ. ಆಗ ಹುಡುಗ ಮನೆ ನೆನೆದು ಅಳುತ್ತಿದ್ದ, ಸಮಾಧಾನಕ್ಕೆ ಬರೆದಿರಬೇಕು” ಎನ್ನುತ್ತಾನೆ. ಪತ್ರವನ್ನು ಜೋಪಾನವಾಗಿ ಮಡಚಿ, ತಮ್ಮನ ಮೇಲೆ ತನಗಿದ್ದ ಪ್ರೀತಿಗೆ ಸಾಕ್ಷಿಯೆಂದು ಎತ್ತಿಡುತ್ತಾನೆ.

ಓದಿದವರಲ್ಲಿ ಕೆಲವರು ಅಣ್ಣನದೇ ಸರಿ ಎಂದು ನನ್ನೊಡನೆ ವಾದಕ್ಕಿಳಿದರು. ಹೆಚ್ಚಿನವರು ಮನೆಗೆ ಹಿರಿಯ ಮಕ್ಕಳು.